ಎಂಟಕ್ಷರದ ಊರು

ಮೂರು ಪೆಟ್ಟಿಗಿ ಬಂದಾವ, ಅಂಗೈಯಷ್ಟು ಅಗಲ,
ಬೆಟಗೇರಿಯ ಹಳೇ ಜಿನ್ನಿಂಗ್ ಶೆಡ್ಡಿಗೆ.
ಗ್ಲೈಡರಿನ ರೆಕ್ಕಿ ಮ್ಯಾಲೆ ಇಡಬ್ಯಾಡ್ರಿ ಅಂದೆ,
ತೂಕದ ಕಲ್ಲಿನ ಪಕ್ಕ ಇಟ್ಟೆವು, ಖಾಲಿ ಚೀಲ ಹಾಸಿ.
ಒಂದನ್ನ ಕೊಳ್ಳೂದು. ಉಳಿದೆರಡು
ಹತ್ತು ದಿನದಾಗ ವಾಪಸ್ಸು ಹೋಗಬೇಕು,
ಗೀರು ಬೀಳದಂಗ.

ಫಕ್ಕೀರಗೌಡರಿಗೆ ಬಣ್ಣದ್ದು ಬೇಕು.
ಶೆಡ್ ಅವರದು, ಅರ್ಧ ರೊಕ್ಕ ಅವರದು,
ಹಾರೂದು ಮಾತ್ರ ಆಗೂದಿಲ್ಲ, ತಲಿ ತಿರಗತೈತಿ.
“ನೋಡ್ರಿ, ತುಂಗಭದ್ರಾ ನೀಲಿ ಐತಿ,
ಹುಬ್ಬಳ್ಳಿ ವಿಮಾನ ನಿಲ್ದಾಣದ ಸುತ್ತ ಕೆಂಪು ಗೆರಿ,
ದಾಟಿದರ ಚೀರತೈತಿ. ಇನ್ನೇನು ಬೇಕು?”
ಹೊರಗ ತಂದು ಏಪ್ರಿಲ್ ಬಿಸಿಲಿಗೆ ಹಿಡದೆ.
ತುಂಗಭದ್ರಾ ಬತ್ತಿತು. ಕೆಂಪು ಗೆರಿ ಹೋತು.
ಗಾಜಿನ್ಯಾಗ ನನ್ನ ಕನ್ನಡಕ ಅಷ್ಟ ಉಳೀತು.

ಎರಡನೇದು ಬೂದಿ ಬಣ್ಣದ್ದು, ಕಡಿಮಿ ಮಾತಿಂದು,
ಬಿಸಿಲು ಹೆಚ್ಚಾದಷ್ಟು ಅದರ ಅಂಕಿ ಕಪ್ಪ.
ಮೂರನೇದು ಫೋನಿನಂಥದ್ದು, ಎಲ್ಲಾ ಕೇಳತೈತಿ:
ರೆಕ್ಕಿ ಮ್ಯಾಲೆ ಎಷ್ಟು ಹುಳ ಅಂಟ್ಯಾವ, ನಿನ್ನ ತೂಕೆಷ್ಟು,
ಮುಂದಿನ ಏರುಗಾಳಿ ಎಷ್ಟು ಜೋರು, ನಿನ್ನ ಅಂದಾಜು ಹೇಳು.
ಅದು ಗೊತ್ತಿದ್ದರ ನಿನ್ನ ಯಾಕ ಕೊಳ್ಳತಿದ್ದೆ?

ದಾವಲಸಾಬ ಒಂದನ್ನೂ ನೋಡಲಿಲ್ಲ.
“ಕಣ್ಣು ಹೊರಗ ಇರಬೇಕ್ರಿ ಟೀಚರ, ಹದ್ದಿನ ಕಡೆ.
ಇದಕ್ಕ ಕಿವಿ ಅಷ್ಟ ಕೊಡತೇನಿ. ಹಾಡಸ್ರಿ.”
ನೆಲದ ಮ್ಯಾಲೆ ಹೆಂಗ ಹಾಡೀತು?
ಏರಬೇಕು ಅದು, ಇಲ್ಲಾ ಇಳೀಬೇಕು.

ಅದಕ್ಕ ಹುಬ್ಬಳ್ಳಿಗೆ ಹೋದೆವು, ಹತ್ತೂಕಾಲರ ಬಸ್ಸಿಗೆ.
ಐದು ಮಾಳಿಗಿಯ ಸೀರಿ ಅಂಗಡಿ, ಲಿಫ್ಟಿನೊಳಗ ನಾವಿಬ್ಬರು,
ಕೈಚೀಲದಾಗ ಮೂರು ಪೆಟ್ಟಿಗಿ,
ಮದುವಿ ಜವಳಿಗೆ ಬಂದ ಆರು ಮಂದಿ, ಒಂದು ಕೂಸು.
ಬಾಗಲಾ ಮುಚ್ಚಿತು. ಮೊದಲು ಬೂದಿಯದು: ಪೀ ಪೀ ಪೀ,
ಆಮ್ಯಾಲೆ ಫೋನಿನಂಥದ್ದು. ಬಣ್ಣದ್ದು
ಎರಡನೇ ಮಾಳಿಗಿಗೆ ಬಂದ ಮ್ಯಾಲೆ ನೆನಪಾದಂಗ ಕೂಗಿತು.
ಕೂಸು ನಕ್ಕಿತು. “ಏನ್ರಿ ಅದು?” ಅಂದ ಲಿಫ್ಟಿನವ.
“ಗಾಳಿ ಏರಿದರ ತಿಳಸತೈತಿ.”
“ಇಲ್ಲಿ ಗಾಳಿ ಎಲ್ಲೈತ್ರಿ, ಫ್ಯಾನ್ ಕೆಟ್ಟು ತಿಂಗಳಾತು.”
ಏಳು ಸಲ ಏರಿ ಇಳಿದೆವು. ಎಂಟನೇದಕ್ಕ
ಮ್ಯಾನೇಜರ್ ಬಂದು ಏನು ಬೇಕ್ರಿ ಅಂದ.
ಒಂದು ಗುಳೇದಗುಡ್ಡ ಖಣ ಕೊಂಡೆ, ನಾಚಿಕಿಗೆ.

ಎರಡು ಸೆಕೆಂಡು ತಡ ಅಂದರ ಏನು ಮಹಾ,
ಅಂತಾರ ಗೌಡರು, ಮ್ಯಾಲೆ ಹೋಗದವರು.
ಇಪ್ಪತ್ತು ಸೆಕೆಂಡಿಗೆ ಒಂದು ಸುತ್ತು ನಾವು.
ಅದು ಕೂಗೂದ್ರಾಗ ಏರುಗಾಳಿ ಹಿಂದ ಬಿದ್ದಿರತೈತಿ;
ತಡ ಆದ ಖುಷಿ ನಂಬಿ ತಿರುಗಿದರ ಸಿಗೂದು ಇಳಿಗಾಳಿ.

ಹೊಳ್ಳಿ ಬರೂ ಬಸ್ಸಿನಾಗ, ಅಣ್ಣಿಗೇರಿ ದಾಟಿ,
ದಾವಲಸಾಬ ಅಂದ: “ನಮ್ಮಪ್ಪ ಹತ್ತಿ ಹಿಂಜತಿದ್ದ.
ಬಿಲ್ಲಿನ ತಂತಿ ಮೀಟಿದರ ತುಂಯ್ ಅಂತಿತ್ತು.
ಗಂಟು ಸಿಕ್ಕರ ಆ ತುಂಯ್ ದಪ್ಪಾಗತಿತ್ತು,
ಹತ್ತಿ ಅರಳಿದರ ಸಣ್ಣಗ. ಕತ್ತಲ್ಯಾಗೂ ಹಿಂಜತಿದ್ದ,
ನೋಡತಿರಲಿಲ್ಲ. ಬೂದಿಯದು ಹಂಗ ಐತಿ.”
ಇಷ್ಟ ಅವನ ವಾದ. ನಿದ್ದಿ ಹತ್ತಿತು ಅವಗ.

ಗೌಡರು ಎರಡು ದಿನ ಸಿಟ್ಟಾದರು,
ಮೂರನೇ ದಿನ ತಾವ ಬ್ಯಾಟರಿ ತಂದರು.
ಗಾಜಿನ ಮುಂದ ಅಂಟಿಸಿದ ಕಂಬಳಿ ಎಳಿ
ತಗೀತೇನಂದರ ಬ್ಯಾಡ ಅಂದೆ. ಒಂದು ಗೇಣು, ಕರೆಂಟ್ ಕೇಳದ್ದು,
ಅಡ್ಡ ಜಾರಿದರ ಅದ ಮೊದಲು ಹೇಳತೈತಿ.

ಇವತ್ತ ಸಂಜಿ ಊರ ಹೆಸರು ತುಂಬಾಕ ಕುಂತೆ:
ತಿರುವಿನ ಜಾಗಾ, ಇಳಿಯೂ ಜಾಗಾ, ಮನಿ.
ಇಂಗ್ಲೀಷಿನ ಎಂಟು ಅಕ್ಷರ, ಹೆಚ್ಚಿಗೆ ಹಿಡಿಯೂದಿಲ್ಲ.
ಗದಗ ಐದಕ್ಕ ಮುಗೀತು, ಮೂರು ಚೌಕ ಖಾಲಿ.
ಬೆಟಗೇರಿ ಸರಿಯಾಗಿ ಕುಂತಿತು, ಅಳತಿ ಕೊಟ್ಟು ಹೊಲಿಸಿದಂಗ.
ಲಕ್ಷ್ಮೇಶ್ವರದಾಗ ಲಕ್ಷ್ಮಿ ಉಳಿದಳು, ಈಶ್ವರ ಹೊರಗ.
ಕಪ್ಪತಗುಡ್ಡ ಒತ್ತಿದೆ; ಕಪ್ಪತಗ್ ಅಂತ ನಿಂತಿತು,
ಗುಡ್ಡ ಒಳಗ ಹಿಡೀಲಿಲ್ಲ.

ಶೆಡ್ಡಿನ ಬಾಗಲಾಕ ಬಂದು ನೋಡಿದೆ.
ಇತ್ತು ಅಲ್ಲೇ, ದಕ್ಷಿಣಕ್ಕ. ಗಾಳಿಯಂತ್ರ
ಒಂದು ತಿರುಗತಿತ್ತು, ಒಂದು ನಿಂತಿತ್ತು.