ಕೀಲು ಬಲ್ಲವನು

ಬೆನ್ನು ನೆಟ್ಟಗಿರಲಿ, ಎದೆ ಎತ್ತಿರಲಿ,
ಮೊಣಕಾಲು ಒಳಗೆ ವಾಲದಿರಲಿ, ದೋನ್ ಬೆಂತಾಂಕುರ್,
ಹಿಂದೊಂದು ಕುರ್ಚಿ ಇದೆ ಅಂದುಕೊಂಡು ಕೂರಿ
ಅನ್ನುತ್ತಾಳೆ ಯಾನಿನಾ,
ನನ್ನ ಮೊಮ್ಮಗಳಿಗಿಂತ ಎರಡೇ ವರ್ಷ ದೊಡ್ಡವಳು.

ಇಲ್ಲದ ಕುರ್ಚಿಯ ಮೇಲೆ ಕೂರುವುದು
ಪಿಂಚಣಿ ಕಚೇರಿಯಲ್ಲೇ ಕಲಿತ ವಿದ್ಯೆ ನನಗೆ.
ಆದರೂ ಉರುಗ್ವೆ ನದಿಯ ದಂಡೆಯ ಸಿಮೆಂಟಿನಲ್ಲಿ
ಚಹಾ ಹೀರುವ ಬುರುಡೆಗಳನ್ನು ಕಟ್ಟೆಯ ಮೇಲೆ ಸಾಲಾಗಿಟ್ಟು
ಏಳು ಮಂದಿ ಮುದುಕರು ಬುಧವಾರ ಬೆಳಿಗ್ಗೆ
ಗಾಳಿಗೆ ಅಂಡು ಚಾಚಿ ನಿಂತಾಗ
ಆಚೆ ದಡದ ಅರ್ಜೆಂಟೀನಾ
ಕಿಸಕ್ಕೆಂದಂತೆ ಕೇಳಿಸುತ್ತದೆ.

ಹುಡುಗಿ, ನನಗೆ ಕೀಲು ಗೊತ್ತು.
ಮೂವತ್ತೊಂದು ವರ್ಷ ಪಾಯ್ಸಂದುವಿನ ಮಾಂಸದ ಕಾರ್ಖಾನೆಯಲ್ಲಿ
ಕೊಕ್ಕೆಗೆ ತೂಗಿಕೊಂಡು ಬಂದ ಹಿಂದೊಡೆಗಳ
ಸೊಂಟ ಬಿಡಿಸಿದವನು.
ಚೂರಿಯ ತುದಿ ಎಲ್ಲಿಟ್ಟರೆ
ಎಲುಬು ತಾನಾಗಿ ಬಾಯಿ ಬಿಡುತ್ತದೆ,
ಬಟ್ಟಲಿನಿಂದ ಗುಂಡು ಹೇಗೆ
ಟಕ್ಕೆಂದು ಕಳಚುತ್ತದೆ,
ಕಣ್ಣು ಮುಚ್ಚಿ ಹೇಳುತ್ತಿದ್ದೆ.
ದಿನಕ್ಕೆ ನಾನೂರು.
ಅಂಥದೇ ಒಂದು ಜೋಡಿ
ನಾನೂ ಹೊತ್ತು ತಿರುಗುತ್ತಿದ್ದೇನೆಂದು
ಒಮ್ಮೆಯೂ ಹೊಳೆಯಲಿಲ್ಲ.

ಯಾನಿನಾ ಹತ್ತಿರ ಬಂದಳು, ಎರಡು ಬೆರಳಿಟ್ಟಳು.
ಬಾಗುವುದು ಇಲ್ಲಿಂದ, ನಡುವಿನಿಂದಲ್ಲ.
ಸರಿಯಾಗಿ ಅಲ್ಲೇ.
ಒಂದು ಕೂದಲೆಳೆ ಆಚೀಚೆ ಇಲ್ಲ.
ನಾನು ಬೆವತೆ.
ದಣಿವು ಅಂದುಕೊಂಡು ನೀರು ಕೊಟ್ಟಳು.

ಮನೆಯಲ್ಲಿ ಸುಲ್ಮಾ ಉಪ್ಪಿನ ಡಬ್ಬಿ ಬಚ್ಚಿಟ್ಟಿದ್ದಾಳೆ
ಹೊಲಿಗೆ ಮಷೀನಿನ ಹಿಂದೆ, ನೆಲದ ಮೇಲೆ.
ನನಗೆ ಗೊತ್ತು.
ನನಗೆ ಗೊತ್ತೆಂದು ಅವಳಿಗೂ ಗೊತ್ತು.
ತಟ್ಟೆಯ ಅರ್ಧ ಸೊಪ್ಪು, ಕಾಲು ಭಾಗ ಕಾಳು,
ಉಳಿದದ್ದರಲ್ಲಿ ಅಂಗೈಯಷ್ಟು ಮಾಂಸ.
ಯಾರ ಅಂಗೈ? ಕೇಳಿದೆ.
ನನ್ನದು, ಅಂದಳು, ತೋರಿಸಿದಳು:
ಸೂಜಿ ಚುಚ್ಚಿ ಚುಚ್ಚಿ ಒರಟಾದದ್ದು,
ಅಯ್ಯೋ, ಎಷ್ಟು ಚಿಕ್ಕದು!
ಭಾನುವಾರ ಮಗ ಕಟ್ಟಿಗೆ ಹೊತ್ತಿಸಿದ ದಿನ ಮಾತ್ರ
ನನ್ನ ಅಂಗೈ ಲೆಕ್ಕಕ್ಕೆ ಬರುತ್ತದೆ.

ಪಕ್ಕದ ಮನೆಯ ವಾಲ್ದೆಮಾರ್
ಹಿತ್ತಲಲ್ಲಿ ಆರು ಗಾಂಜಾ ಗಿಡ ಸಾಕಿದ್ದಾನೆ,
ದಾಖಲೆ ಮಾಡಿಸಿ, ಒಂದೊಂದಕ್ಕೂ ಸತ್ತ ಅತ್ತೆಯರ ಹೆಸರಿಟ್ಟು.
ನಾಲಿಗೆಯಡಿ ನಾಲ್ಕು ಹನಿ ಎಣ್ಣೆ ಬಿಟ್ಟುಕೋ,
ಶನಿವಾರಕ್ಕೆ ಟ್ಯಾಂಗೋ ಆಡ್ತೀಯ, ಅಂದ.

ಔಷಧದಂಗಡಿಯ ನೀಬಿಯಾ ಕನ್ನಡಕ ಎದೆಗೆ ಇಳಿಬಿಟ್ಟಳು.
ಒಂದೇ ಗಿಡ, ಒಳಗೆ ನೂರಕ್ಕೂ ಮಿಕ್ಕಿ ವಸ್ತುಗಳು.
ಜನ ಕೇಳುವುದು ಎರಡನ್ನೇ.
ಒಂದಕ್ಕೆ ತಲೆ ತೇಲುತ್ತದೆ, ಇನ್ನೊಂದಕ್ಕೆ ತೇಲುವುದಿಲ್ಲ.
ತೇಲಿಸದ್ದು ನಿಮ್ಮ ಸೊಂಟ ವಾಸಿ ಮಾಡುತ್ತದೆಂದು
ನಾನು ಆಣೆ ಇಡಲಾರೆ, ದೋನ್.
ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಲ್ಲ,
ಅದರ ಜೊತೆ ಜಗಳಕ್ಕೆ ಬಿದ್ದೀತು.
ಮೊದಲು ಡಾಕ್ಟರು, ಆಮೇಲೆ ವಾಲ್ದೆಮಾರ್.

ಆಣೆ ಇಡದ ಅಂಗಡಿಯವರನ್ನು
ಎಪ್ಪತ್ತಮೂರು ವರ್ಷದಲ್ಲಿ ಇದೇ ಮೊದಲು ಕಂಡದ್ದು.
ಒಂದು ಹಲ್ಲುಜ್ಜುವ ಬ್ರಷ್ ಕೊಂಡು ಬಂದೆ,
ಬರಿಗೈಲಿ ಹೊರಡಲು ನಾಚಿಕೆಯಾಗಿ.
ಡಾಕ್ಟರು ಬೇಡವೆಂದರು.
ವಾಲ್ದೆಮಾರನಿಗೆ ಬೇಸರವಾಯಿತು,
ಅವನ ಅತ್ತೆಯರಿಗೂ ಇರಬೇಕು.

ಹಾಗಾಗಿ ನೋವು ಇದೆ.
ಬುಧವಾರಗಳೂ ಇವೆ.
ಏಳು ಸಲ ಕೂರುತ್ತಿದ್ದವನು ಹನ್ನೊಂದು ಸಲ ಕೂರುತ್ತೇನೆ
ಅದೇ ಇಲ್ಲದ ಕುರ್ಚಿಯ ಮೇಲೆ.
ಕೆಲವು ರಾತ್ರಿ ಕನಸಿಗೆ ಕೊಕ್ಕೆಗಳ ಸಾಲು ಬರುತ್ತದೆ,
ಕೈಯಲ್ಲಿ ಚೂರಿ ಇರುವುದಿಲ್ಲ,
ಎರಡು ಬೆರಳಿಟ್ಟು ಕಾಯುತ್ತಿರುತ್ತೇನೆ,
ಯಾವುದಾದರೂ ಒಂದು ಬಾಗೀತೇ ಎಂದು.

ನಿನ್ನೆ ಮಧ್ಯಾಹ್ನ ಸುಲ್ಮಾ ಅಡುಗೆಮನೆಯಲ್ಲಿ,
ರೇಡಿಯೋ ಜೋರಾಗಿ.
ಮೆಲ್ಲಗೆ ಮಷೀನಿನ ಹಿಂದೆ ಹೋದೆ.
ಪಾದ ಅಗಲಿಸಿದೆ, ಉಸಿರು ತುಂಬಿದೆ,
ಚೂರಿಯ ಜಾಗದಿಂದ ಬಾಗಿದೆ.
ಟಕ್ಕೆನ್ನಲಿಲ್ಲ.
ಬೆರಳಿಗೆ ಡಬ್ಬಿ ತಣ್ಣಗೆ ತಾಗಿತು.

ಒಳಗಿನಿಂದ ಅವಳ ದನಿ:
ಮೊಣಕಾಲು ಒಳಗೆ ವಾಲುತ್ತಿದೆ ನೋಡಿ.