ಮಧ್ಯಂತರದ ನಂತರ

ವಲೇರಿಯನ್ ಲೋಬೊ ಅರ್ಧ ಸಿನಿಮಾ ನೋಡಿದವನು.
ಆಗವನಿಗೆ ಒಂಬತ್ತು. ಮುಂದಿನ ಬೆಂಚು,
ಕೈಯಲ್ಲಿ ಕಡಲೆಕಾಯಿಯ ಬಿಸಿ ಪೊಟ್ಟಣ.
ಪರದೆಯಲ್ಲಿ ಉದ್ದ ಮೂತಿಯ ಕಾಂಟೆಸ್ಸಾ
ಘಾಟಿಯ ತಿರುವಿಗೆ ಬಂತು.
ಬ್ರೇಕಿನ ಪೈಪು ಯಾರೋ ಕೊಯ್ದಿದ್ದರು.
ಪೆಡಲು ಒತ್ತಿದ ಬೂಟು ಸೀದಾ ನೆಲ ಮುಟ್ಟಿತು,
ಕಾರು ರಸ್ತೆ ಬಿಟ್ಟು ಗಾಳಿಗೆ ಇಳಿಯಿತು,
ಅಲ್ಲಿಗೆ ಮಧ್ಯಂತರ.
ಇವನ ಅಳು ನಿಲ್ಲಲಿಲ್ಲ.
ಅಪ್ಪ ಕಿವಿ ಹಿಂಡಿ ಮನೆಗೆ ಎಳೆದುಕೊಂಡು ಹೋದ.
ಮಿಕ್ಕರ್ಧ ಇವತ್ತಿಗೂ ಗೊತ್ತಿಲ್ಲ.
ಹೇಳಲು ಹೋದರೆ ಸ್ಪ್ಯಾನರ್ ಎತ್ತುತ್ತಾನೆ.

ನಾನು ಸೀಟು ಹೊಲಿಯುವವಳು.
ಉಪ್ಪಳ್ಳಿಯಲ್ಲಿ ಅವನ ಗ್ಯಾರೇಜಿನ ಗೋಡೆಗೊರಗಿ
ನನ್ನ ಹತ್ತಡಿಯ ಅಂಗಡಿ, ಅಬ್ಬಾ ಬಿಟ್ಟುಹೋದ ಮೆಷಿನ್ನು.
ಜೀಪು, ಆಟೊ, ಎಸ್ಟೇಟಿನ ಪಿಕಪ್ಪು:
ಚಿಕ್ಕಮಗಳೂರು ಯಾವುದರ ಮೇಲೆ ಕೂತರೂ
ಅಡಿಯಲ್ಲಿ ನನ್ನ ದಾರ.

ಕಾರು ಸಿಕ್ಕಿದ್ದು ಒಂದು ಗೊಬ್ಬರದ ಶೆಡ್ಡಿನಲ್ಲಿ.
ಡಿಕ್ಕಿಯಲ್ಲಿ ಕೋಳಿ ಕಾವು ಕೂತಿತ್ತು.
ದುಡ್ಡು ಎಣಿಸಿ ಕೊಟ್ಟು ಬರಿಗೈಲಿ ಬಂದ,
ಮರಿಗಳು ಹೊರಬಿದ್ದ ಮೇಲೆಯೇ ಲಾರಿ ಕಳಿಸಿದ.

ಆಮೇಲೆ ಮೂರು ವರ್ಷ.
ತುಕ್ಕು ಕೆರೆದರೆ ತಗಡೇ ಇರಲಿಲ್ಲ ಎಷ್ಟೋ ಕಡೆ,
ಬಾಗಿಲ ಕೆಳಗೆ ಕೈ ತೂರಿಸಿ
ಆ ಬದಿಯಲ್ಲಿ ನನಗೆ ಸಲಾಂ ಹೊಡೆದ.
ಮರದ ಪೆಟ್ಟಿಗೆಯಲ್ಲಿ ಜಪಾನಿನ ಎಂಜಿನ್ನು ಬಂತು,
ಆರು ಸಿಲಿಂಡರು, ಪಕ್ಕೆಗೆ ಅಂಟಿದ
ಬಸವನಹುಳುವಿನಂಥ ಟರ್ಬೊ.
ಅದನ್ನು ಕೂರಿಸಲು ನೆಲ ಕೊಯ್ದ, ಗೋಡೆ ಸರಿಸಿದ,
ಆರ್‌ಟಿಒ ಮೆಟ್ಟಿಲು ಸವೆಸಿದ.
ಐದು ಸೆಕೆಂಡಿಗೆ ನೂರು, ಅಂದ ಕೆಲಸದ ಹುಡುಗ ನಿಶ್ಚಿತ.
ಈ ಊರಿನ ಹಂಪುಗಳ ನಡುವೆ
ನೂರು ಎಲ್ಲಿ ಹೊಡೀತೀಯೋ, ಅಂದೆ.

ಆದರೆ ಕೈ ಬರಿದಾದದ್ದು ಎಂಜಿನ್ನಿಗಲ್ಲ,
ಬ್ರೇಕಿಗೆ.
ಊಟದ ತಟ್ಟೆಯಗಲದ ನಾಲ್ಕು ಡಿಸ್ಕು,
ಉಕ್ಕಿನ ಎಳೆ ಜಡೆ ಹೆಣೆದ ಪೈಪು.
ಒಂದು ತುಂಡು ಮಿಕ್ಕಿತ್ತು,
ತಗಡಿನ ಕತ್ತರಿ ತಂದು ಅವನೇ ಕೊಯ್ಯಲು ನೋಡಿದ,
ಕತ್ತರಿ ಮುಕ್ಕಾಯಿತು.
ಅವತ್ತು ಎಲ್ಲರಿಗೂ ಬಿರಿಯಾನಿ.

ಬಣ್ಣದ್ದು ಬೇರೆಯೇ ಜಗಳ.
ಅದು ನೀಲಿ, ಅಂತ ವಲ್ಲಿ.
ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದ ತಿಪ್ಪೇಶಣ್ಣ
ನೂರಾ ಹನ್ನೆರಡು ಆಟ ನಾನೇ ಹಾಕಿದ್ದು, ಹಸಿರು, ಅಂದ.
ಕೆಂಪು ಕಣ್ರೋ, ಅಂದಳು ನನ್ನಮ್ಮ,
ಆ ಸಿನಿಮಾಕ್ಕೆ ಅವಳು ಹೋಗಿದ್ದೇ ಇಲ್ಲ.
ಕಾರು ಇನ್ನೂ ಪ್ರೈಮರಿನ ಬೂದಿಯಲ್ಲಿದೆ.

ಸೀಟುಗಳನ್ನು ಮಾತ್ರ ಯಾರೂ ನೆನಪಿಟ್ಟಿರಲಿಲ್ಲ.
ಹಳೇ ರೆಕ್ಸಿನ್ನು ಬಿಚ್ಚಿದೆ:
ತೆಂಗಿನ ನಾರು, ನಾಲ್ಕಾಣೆ,
ಯಾರದೋ ಮದುವೆಗೆ ಹೊರಟ ಒಂದು ಹೇರ್‌ಪಿನ್ನು.
ಪಿನ್ನನ್ನು ಫೋಮಿನೊಳಗೆ ವಾಪಸು ಇಟ್ಟು
ಹುಣಸೆಹಣ್ಣಿನ ಬಣ್ಣದ ಚರ್ಮ ಹೊಲಿದೆ, ಎರಡೆಳೆ.

ಭಾನುವಾರ, ಕೋಳಿ ಕೂಗುವ ಮುಂಚೆ
ಹೊಲಿಗೆ ಪರೀಕ್ಷಿಸಬೇಕು, ಬಾ, ಅಂದ.
ಸುಳ್ಳು. ಒಬ್ಬನೇ ಹೋಗಲು ಅವನಿಗೆ ಭಯ.
ಕೈಮರ ದಾಟಿದೆವು.
ಮೊದಲು ಗುಡ್ಡ ಗುಡುಗಿದ ಹಾಗೆ,
ಆಮೇಲೆ ಸಿಳ್ಳೆ, ಟರ್ಬೊದ್ದು, ತೆಳ್ಳಗೆ;
ನನ್ನ ಬೆನ್ನು ನನ್ನದೇ ಹೊಲಿಗೆಯೊಳಗೆ ಹೂತುಹೋಯಿತು.
ಮೇಲೆ ಹೋಗಿ ತಿರುಗಿಸಿದ.
ಇಳಿಜಾರು. ತಡೆಗೋಡೆಯಿಲ್ಲದ ತಿರುವು.
ದೀಪದ ಬೆಳಕು ರಸ್ತೆ ಬಿಟ್ಟು
ಬರೀ ಗಾಳಿಯ ಮೇಲೆ ಬಿತ್ತು.
ಅವನು ಬೂಟು ಒತ್ತಿದ.

ಬೆಲ್ಟು ಎದೆಗೆ ಕಚ್ಚಿತು.
ಚಕ್ರ ಕೆದರಿದ ಕಲ್ಲೊಂದು
ನಮ್ಮನ್ನು ಬಿಟ್ಟು ಮುಂದೆ ಹೋಗಿ
ಅಂಚು ದಾಟಿತು.
ಅದು ತಳ ಮುಟ್ಟುವ ಸದ್ದಿಗೆ ಇಬ್ಬರೂ ಕಾದೆವು.
ಕೇಳಿಸಲಿಲ್ಲ.

ಬಹಳ ಹೊತ್ತು ಸ್ಟೇರಿಂಗ್ ಬಿಡಲಿಲ್ಲ ಅವನು.
ಕಣಿವೆ ಬೆಳಗಾಗತೊಡಗಿತ್ತು,
ಬೂದಿ ಬಾನೆಟ್ಟು ಒಂದು ಗಳಿಗೆ ನೀಲಿ ಅನ್ನಿಸಿತು,
ಹೇಳಲಿಲ್ಲ ನಾನು.
ಕೊನೆಗೆ ಗಂಟಲು ಸರಿಮಾಡಿಕೊಂಡು ಅಂದ:
ಶಮೀಮ್, ನಿನ್ನ ಕಡೆ ಸೀಟು ಕಿರ್ ಅಂತಿದೆ.
ನಾಳೆ ನೋಡು.