ಹಿಂಜುವುದು

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂರಿಸಿ
ಆ ಕೌನ್ಸೆಲಿಂಗ್ ಹುಡುಗಿ ಹೇಳಿದಳು:
"ಐದೇ ನಿಮಿಷ, ಅಣ್ಣಾ. ಕಣ್ಣು ಮುಚ್ಚಿ
ಉಸಿರು ಬರೋದು ಹೋಗೋದು ನೋಡಿ, ಅಷ್ಟೇ."
ನಗು ಬಂತು.
ಮೂವತ್ತೊಂದು ವರ್ಷ ಹತ್ತಿ ಹಿಂಜಿದ ಮೂಗು ಇದು.
ಇದರ ಉಸಿರು ನೋಡಬೇಕಿಲ್ಲ, ತಾಯಿ,
ಪಕ್ಕದ ಮನೆಯವರಿಗೂ ಕೇಳಿಸುತ್ತದೆ.

ಅವಳೂ ನಕ್ಕಳು. ಗುಳಿಗೆ ಚೀಟಿಯ ಹಿಂದೆ
ಬರೆದುಕೊಟ್ಟಳು: ಬೆಳಿಗ್ಗೆ ಐದು, ರಾತ್ರಿ ಐದು.
ಕಾಯಿಲೆ ಯಾರಿಗೆ ಅಂತ ಕೇಳಬೇಕೆನಿಸಿತು.

ಆ ರಾತ್ರಿ ಕೂತೆ.
ಒಂದು ಉಸಿರು. ಎರಡು.
ಮೂರಕ್ಕೆ ಬಿಳಿರಕ್ತಕಣದ ಲೆಕ್ಕ ಬಂತು,
ನಾಲ್ಕಕ್ಕೆ ಗಾದಿ ಅಂಗಡಿಯ ಬಾಡಿಗೆ,
ಐದಕ್ಕೆ ಲಕ್ಷ್ಮಣಫಲದ ರಸ ಕುಡಿಸು ಎಂದ ಷಡ್ಡಕ,
ಆರಕ್ಕೆ, ಯಾರಿಗೂ ಹೇಳದ್ದು:
ಬಚ್ಚಲಲ್ಲಿ ಅವಳ ಸೀರೆ ಒಗೆಯುವಾಗ ಒಮ್ಮೆ
ಇದು ಬೇಗ ಮುಗಿದರೆ ಸಾಕು
ಅನ್ನಿಸಿದ್ದು.
ಕಣ್ಣು ತೆರೆದುಬಿಟ್ಟೆ.

ಹಿಂಜುವುದು ನನ್ನ ಕಸುಬು.
ಅಪ್ಪನ ಬಿಲ್ಲು ಅಟ್ಟದ ಮೇಲಿದೆ, ಈಗ ಮಷೀನು,
ಆದರೂ ಕೆಲಸ ಅದೇ: ಗಂಟುಕಟ್ಟಿದ್ದನ್ನು ಬಿಡಿಸು,
ಬಿಡಿಸಿದ್ದನ್ನು ಮತ್ತೆ ಬಿಡಿಸು,
ಎಳೆ ಎಳೆಯಾಗಿ ಗಾಳಿಗೆ ಏಳುವ ತನಕ.
ಅರಳೆಗೆ ಇದು ಒಳ್ಳೆಯದು.
ಮಾತಿಗಲ್ಲ. ಮಾಬುನ್ನಿ ಅದಕ್ಕೇ ಬೈಯುವುದು:
"ಡಾಕ್ಟರು ಅಂದಿದ್ದು ಒಂದೇ ಮಾತು, ಅದನ್ನ
ಎಷ್ಟು ಹಿಂಜತೀರ್ರೀ? ಇಷ್ಟೊತ್ತಿಗೆ ಒಂದು ಗಾದಿ ಆಗಿರೋದು."

ಬುಧವಾರ, ಐದನೇ ಕೀಮೋ ಮುಗಿಸಿ ಬರುವಾಗ
ಅಶೋಕ ಟಾಕೀಸಿನ ಹತ್ತಿರ ರೈಲ್ವೆ ಗೇಟು ಬಿತ್ತು.
ಆಟೋದ ಹಿಂದೆ ಆಟೋ, ಹಾರ್ನಿನ ಮೇಲೆ ಹಾರ್ನು,
ಎಲ್ಲಿಂದಲೋ ಮಿರ್ಚಿ ಕರಿಯುವ ಘಾಟು.
ಮೊದಲಾಗಿದ್ದರೆ "ಮಂಡಕ್ಕಿ ಜತೆ ನಾಲ್ಕು ಕಟ್ಟಿಸ್ರಿ" ಅನ್ನುತ್ತಿದ್ದವಳು
ಸೆರಗಿನಲ್ಲಿ ಮೂಗು ಮುಚ್ಚಿ
ನನ್ನ ಹೆಗಲಿಗೆ ತಲೆಯಿಟ್ಟಳು.
ಕೂದಲಿಲ್ಲದ ತಲೆ ಎಷ್ಟು ಹಗುರ,
ಎಷ್ಟು ಬಿಸಿ.
ಗೂಡ್ಸ್ ಗಾಡಿ. ತೂಗುತ್ತ, ಅವಸರವಿಲ್ಲದೆ.
ಎಲ್ಲಿಗೂ ಹೋಗುವಂತಿರಲಿಲ್ಲ.
ಏನೂ ಮಾಡುವಂತಿರಲಿಲ್ಲ.
ಒಂದು ಡಬ್ಬಿ ದಾಟಿತು. ಇನ್ನೊಂದು ದಾಟಿತು.
ಗೇಟು ಎದ್ದು, ಡ್ರೈವರು ಗೇರು ಹಾಕಿದ ಮೇಲೆ ತಿಳಿಯಿತು
ಅಷ್ಟು ಹೊತ್ತೂ ನಾನು
ಏನನ್ನೂ ಹಿಂಜಿರಲಿಲ್ಲ.

ಹಾಗಂತ ದೊಡ್ಡದೇನೂ ಆಗಲಿಲ್ಲ.
ಮನೆಗೆ ಬಂದು ಬಕೆಟ್ಟು ಹಿಡಿದೆ, ನೆಲ ಒರೆಸಿದೆ,
ಜ್ವರದ ಕಡ್ಡಿ ಹುಡುಕಿದೆ, ಮಗನ ಮೇಲೆ ರೇಗಿದೆ.

ರಾತ್ರಿ ಮೂರಕ್ಕೆ ಎಚ್ಚರ. ಎಂದಿನಂತೆ ಕತ್ತಲಲ್ಲಿ
ಅವಳ ಉಸಿರು ಎಣಿಸತೊಡಗಿದೆ.
ಒಂದಕ್ಕೂ ಇನ್ನೊಂದಕ್ಕೂ ನಡುವೆ
ನಾನು ನನ್ನದನ್ನು ಬಿಗಿಹಿಡಿಯುತ್ತೇನೆಂದು
ಎಂಟು ತಿಂಗಳಲ್ಲಿ ಅವತ್ತೇ ಗೊತ್ತಾಗಿದ್ದು.
ಎದೆ, ಅದುಮಿ ಅದುಮಿ ತುಂಬಿದ ಗಾದಿ.
ಬಿಟ್ಟೆ.
ತಾನಾಗಿ ಇನ್ನೊಂದು ಬಂತು.

ಬೆಳಿಗ್ಗೆ ಅವಳ ಗಾದಿ ಬಿಚ್ಚಿದೆ.
ಮಲಗಿ ಮಲಗಿ ಹತ್ತಿ ಹಲಗೆಯಾಗಿತ್ತು,
ಸೊಂಟದ ಕಡೆ ಒಂದು ಗುಳಿ, ಅವಳದೇ ಅಳತೆ.
ಮಷೀನಿಗೆ ಹಾಕಲಿಲ್ಲ. ಬಾಗಿಲ ಮುಂದೆ ಕೂತು, ಕೈಯಲ್ಲೇ.
ಹಿಡಿಯಷ್ಟು ಎತ್ತುವುದು, ಬಿಡಿಸುವುದು, ಇಡುವುದು.
ತುಂಬಿದ ಮೇಲೆ ದಬ್ಬಳ ಕೆಳಗೆ ಹೋಯಿತು, ಮೇಲೆ ಬಂತು.
ಒಂದು ಹೊಲಿಗೆ. ಆಮೇಲೆ ಅದರ ಪಕ್ಕದ್ದು.
ನಡುವೆ ರಿಪೋರ್ಟು ನೆನಪಾಯಿತು, ಬೆರಳಿಗೆ ಚುಚ್ಚಿತು.
ಬೆರಳು ಬಾಯಲ್ಲಿಟ್ಟುಕೊಂಡು, ತೆಗೆದು,
ಮತ್ತೆ ದಾರ ಪೋಣಿಸಿದೆ.

ಹೊಸ್ತಿಲಿಗೆ ಒರಗಿ ನೋಡುತ್ತಿದ್ದವಳು ಅಂದಳು:
"ಮೂಗಿನ ಮೇಲೆ ಅರಳೆ ಕೂತೈತಿ, ಒರೆಸ್ಕೊಳ್ರಿ."
ಒರೆಸಲಿಲ್ಲ.
ಉಸಿರು ಬಿಟ್ಟಾಗ ಅದು ನಡುಗುತ್ತಿತ್ತು,
ಎಳೆದಾಗ ಒಳಕ್ಕೆ ಬಾಗುತ್ತಿತ್ತು.
ಸ್ವಲ್ಪ ಹೊತ್ತು
ಇಬ್ಬರೂ ಅದನ್ನೇ ನೋಡಿದೆವು.